ಮುಟ್ಟಿದ ಕೈ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಅನುಗ್ರಹಿಸಿದ ಆಶೀರ್ವಚನ)



ಇಂದಿನ ಗೋಷ್ಠಿಗೆ ಗೊತ್ತುಮಾಡಿರುವ ವಿಷಯ ‘ಏಸುಕ್ರಿಸ್ತನ ಕಾರುಣ್ಯ’ ಎಂಬುದು. ವಿಷಯ ಪ್ರಕಟವಾದ ಮೇಲೆ ಒಬ್ಬಿಬ್ಬರು ಹಿರಿಯರು ನಮ್ಮಲ್ಲಿಗೆ ಬಂದು, “ಬುದ್ಧೀ, ನಮ್ಮಲ್ಲಿ ಕಾರುಣ್ಯಕ್ಕೆ ಬರವೇ? ಅದನ್ನು ಹೊರಗಿನಿಂದ ತರಬೇಕೇ?” ಎಂದು ಕೇಳಿದರು. ಪಕ್ಕದ ಹೊಲದವನ ಬಾವಿಯ ನೀರು ಸಿಹಿಯಾಗಿದೆ ಎಂದರೆ ನಮ್ಮ ಬಾವಿಯ ನೀರು ಉಪ್ಪು ಎಂದು ಅರ್ಥವಲ್ಲ. ಬಾಯಾರಿದವನು ಯಾವ ಬಾವಿಯಾದರೂ ಕುಡಿಯುತ್ತಾನೆ. ಅದೂ ಅಲ್ಲದೆ, ನಮ್ಮಲ್ಲಿ ನಿಜವಾಗಿಯೂ ಬರವಿಲ್ಲವೇ ಎಂಬುದನ್ನು ಈ ಮಾತು ಮುಗಿಯುವುದರೊಳಗೆ ನೀವೇ ವಿಚಾರಿಸಿಕೊಳ್ಳಬೇಕಾಗಿ ಬರಬಹುದು.

ಇಂಗ್ಲಿಷಿನಲ್ಲಿ ‘ಚಾರಿಟಿ’ ಎಂಬ ಶಬ್ದ ಉಂಟು. ಲ್ಯಾಟಿನ್ ಭಾಷೆಯ ‘ಕಾರಿತಾಸ್’ ಎಂಬುದು ಅದರ ಮೂಲ. ‘ಕಾರುಸ್’ ಎಂದರೆ ಪ್ರಿಯವಾದದ್ದು, ಬೆಲೆಯುಳ್ಳದ್ದು. ನಮ್ಮ ಸಂಸ್ಕೃತದ ‘ಕಾಮ’ ಶಬ್ದಕ್ಕೂ ಇದಕ್ಕೂ ಬೇರು ಒಂದೇ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಹಾಗಾದರೆ ಚಾರಿಟಿ ಎಂದರೆ ಮೊದಲಿಗೆ ಏನಾಗಿತ್ತು? ಇನ್ನೊಬ್ಬನು ನಮಗೆ ಪ್ರಿಯನಾಗಿರುವುದು, ಅಷ್ಟೆ. ಕಾಲ ಕಳೆದಂತೆ ಅದು ಸವೆದು ಸವೆದು ಡಬ್ಬಿಗೆ ಹಾಕುವ ಕಾಸು ಎಂಬ ಅರ್ಥಕ್ಕೆ ಬಂದು ನಿಂತಿತು. ನಮ್ಮ ‘ಧರ್ಮ’ ಶಬ್ದದ ಗತಿಯೂ ಬೇರೆಯಾಗಲಿಲ್ಲ. ಲೋಕವನ್ನು ಎತ್ತಿ ಹಿಡಿದಿರುವುದೇ ಧರ್ಮ ಎಂದು ಪಾಠಶಾಲೆಯಲ್ಲಿ ಗುರುಗಳು ನಮಗೆ ಧಾತುವನ್ನು ಬಿಡಿಸಿ ಹೇಳಿಕೊಟ್ಟರು. ಬಸ್ ಸ್ಟ್ಯಾಂಡಿಗೆ ಬಂದು ನೋಡಿದರೆ “ಧರ್ಮ ಮಾಡ್ರಪ್ಪಾ” ಎಂಬ ಕೂಗು. ಅಲ್ಲಿ ಧರ್ಮವೆಂದರೆ ಎರಡು ರೂಪಾಯಿ! ಎಲ್ಲಿಯೋ ಇದ್ದ ಎರಡು ಭಾಷೆಗಳು, ಒಂದನ್ನೊಂದು ಕೇಳದೆಯೇ, ದೊಡ್ಡ ಶಬ್ದವನ್ನು ಇಷ್ಟು ಚಿಕ್ಕದು ಮಾಡಿಕೊಂಡಿವೆ. ಕಾರಣವೇನಿರಬಹುದು? ಕಾಸು ಕೊಡುವುದು ಸುಲಭ. ಕೊಟ್ಟು ಮುಂದೆ ಹೋಗಬಹುದು. ಪ್ರಿಯನೆಂದು ತಿಳಿಯುವುದಾದರೆ ಮುಂದೆ ಹೋಗಲಿಕ್ಕೆ ಬರುವುದಿಲ್ಲ, ಅಲ್ಲಿಯೇ ನಿಲ್ಲಬೇಕಾಗುತ್ತದೆ.

ಕ್ರೈಸ್ತರ ಸತ್ಯವೇದದಲ್ಲಿ ಒಂದು ಚಿಕ್ಕ ಪ್ರಸಂಗ ಬರುತ್ತದೆ. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿಯೂ ಮತ್ತಾಯನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿಯೂ ಅದು ಇದೆ. ಕುಷ್ಠ ಹತ್ತಿದವನೊಬ್ಬ ಏಸುವಿನ ಎದುರಿಗೆ ಬಂದು ಮೊಣಕಾಲೂರಿ, ನಿನಗೆ ಮನಸ್ಸಿದ್ದರೆ ನನ್ನನ್ನು ಶುದ್ಧ ಮಾಡಬಲ್ಲೆ ಎಂದು ಬೇಡುತ್ತಾನೆ. ಏಸು ಕೈ ಚಾಚಿ ಅವನನ್ನು ಮುಟ್ಟುತ್ತಾನೆ, ಮನಸ್ಸಿದೆ ಎನ್ನುತ್ತಾನೆ, ಅವನು ಶುದ್ಧನಾಗುತ್ತಾನೆ. ಕಥೆ ಇಷ್ಟೇ.

ಇದನ್ನು ನಾವು ಓದಿದಾಗ ನಮ್ಮ ಗಮನ ಪವಾಡದ ಕಡೆಗೆ ಹೋಗಲಿಲ್ಲ. ಪವಾಡಗಳು ಎಲ್ಲ ಮತಗಳಲ್ಲಿಯೂ ಬೇಕಾದಷ್ಟಿವೆ. ಗಮನ ಹೋದದ್ದು ಕ್ರಮದ ಕಡೆಗೆ. ಮೊದಲು ಮುಟ್ಟಿದ್ದು, ಆಮೇಲೆ ಶುದ್ಧವಾದದ್ದು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ‘ಮೊದಲು ವಾಸಿಯಾಗಲಿ, ಆಮೇಲೆ ಮುಟ್ಟೋಣ’ ಎನ್ನುತ್ತಿದ್ದೆವು. ಇನ್ನೂ ಒಂದು ಸೂಕ್ಷ್ಮ ಉಂಟು. ಮತ್ತಾಯನ ಅದೇ 8ನೆಯ ಅಧ್ಯಾಯದಲ್ಲಿ ಇದರ ಬೆನ್ನಿಗೇ ಕಪೆರ್ನೌಮ ಎಂಬ ಊರಿನ ಶತಾಧಿಪತಿಯ ಕಥೆ ಬರುತ್ತದೆ. ಅವನ ಆಳು ಮನೆಯಲ್ಲಿ ಕಾಯಿಲೆ ಬಿದ್ದಿದ್ದಾನೆ. ಏಸು ಆ ಮನೆಗೆ ಹೋಗುವುದೇ ಇಲ್ಲ. ದೂರದಲ್ಲಿ ನಿಂತು ಆಡಿದ ಒಂದು ಮಾತಿಗೆ ಆಳು ಎದ್ದು ಕೂರುತ್ತಾನೆ. ಎಂದ ಮೇಲೆ ಕುಷ್ಠರೋಗಿಯನ್ನು ವಾಸಿಮಾಡುವುದಕ್ಕೂ ಮುಟ್ಟುವ ಅಗತ್ಯವಿರಲಿಲ್ಲ. ಮೀಮಾಂಸಕರು ಇಂಥ ಕಡೆ ಕೇಳುತ್ತಾರೆ: ಅನಗತ್ಯವಾದ ಕ್ರಿಯೆಯನ್ನು ಶಾಸ್ತ್ರ ಹೇಳಿದ್ದರೆ ಅದಕ್ಕೆ ಬೇರೆ ಪ್ರಯೋಜನವಿರಲೇಬೇಕು, ಅದು ಯಾವುದು? ಸ್ಪರ್ಶ ರೋಗಕ್ಕಾಗಿ ಬಂದದ್ದಲ್ಲ, ರೋಗಿಗಾಗಿ ಬಂದದ್ದು. ಯಹೂದ್ಯರ ಯಾಜಕಕಾಂಡದ 13ನೆಯ ಅಧ್ಯಾಯದ ಪ್ರಕಾರ ಅಂಥವನು ಹರಿದ ಬಟ್ಟೆ ಉಟ್ಟು, ಬಾಯಿ ಮುಚ್ಚಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗಿಕೊಳ್ಳುತ್ತ, ಪಾಳೆಯದ ಹೊರಗೆ ವಾಸಮಾಡಬೇಕು. ಆ ನಿಯಮದಲ್ಲಿ ಬರುವ ಚರ್ಮರೋಗವೆಲ್ಲ ಇಂದಿನ ವೈದ್ಯರು ಹೇಳುವ ಕುಷ್ಠವೇ ಆಗಿರಲಾರದು ಎಂದು ವಿದ್ವಾಂಸರು ಹೇಳುತ್ತಾರೆ. ಅದು ಹೇಗಾದರೂ ಇರಲಿ. ಎಷ್ಟು ವರ್ಷಗಳಿಂದ ಅವನ ಮೈಮೇಲೆ ಇನ್ನೊಬ್ಬ ಮನುಷ್ಯನ ಕೈ ಬಿದ್ದಿರಲಿಲ್ಲವೋ! ಅವನ ಆ ಬೇನೆಗೆ ಮಾತಿನ ಔಷಧಿ ಸಾಲುವುದಿಲ್ಲ.

ಮಾರ್ಕನು ಇದರ ಕೊನೆಗೆ ಒಂದು ಸಂಗತಿಯನ್ನು ಹೇಳುತ್ತಾನೆ. ವಾಸಿಯಾದವನು ಬೇಡವೆಂದರೂ ಕೇಳದೆ ಊರಿಗೆಲ್ಲ ಸುದ್ದಿ ಹಬ್ಬಿಸಿದ. ಅದರಿಂದ ಏಸು ಊರೊಳಗೆ ಬಹಿರಂಗವಾಗಿ ಹೋಗಲಾರದೆ ಹೊರಗೆ, ನಿರ್ಜನವಾದ ಕಡೆಗಳಲ್ಲಿ ಇರಬೇಕಾಯಿತು. ಹೊರಗಿದ್ದವನು ಒಳಗೆ ಬಂದ, ಒಳಗಿದ್ದವನು ಹೊರಗೆ ನಿಂತ. ಈ ಸ್ಥಾನಪಲ್ಲಟವನ್ನು ನೆನಪಿನಲ್ಲಿಡಿ.

ಇದೆಲ್ಲ ಅವತಾರಪುರುಷರಿಗೆ ಸರಿ, ನಮ್ಮಂಥವರಿಗೆ ಆಗುವುದೇ ಎಂದು ಕೇಳುವವರು ಉಂಟು. ಆದ್ದರಿಂದ ಈಗ ನಮ್ಮ ನಿಮ್ಮಂತೆಯೇ ಹೊಟ್ಟೆ ಹಸಿಯುವ, ಸಿಟ್ಟು ಬರುವ ಒಬ್ಬ ಮನುಷ್ಯನ ಮಾತು ಹೇಳುತ್ತೇವೆ.

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಊರಿನ ರೈತರ ಮನೆಯಲ್ಲಿ 1840ರಲ್ಲಿ ಒಬ್ಬ ಹುಡುಗ ಹುಟ್ಟಿದ. ಸನ್ಯಾಸ ವಹಿಸಿ ಡೇಮಿಯನ್ ಎಂಬ ಹೆಸರು ಪಡೆದು, 1864ರಲ್ಲಿ ಶಾಂತ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಿಗೆ ಹೋದ. ಅಲ್ಲಿ ಆಗ ರಾಜರ ಆಳ್ವಿಕೆ. ಕುಷ್ಠ ಹರಡುತ್ತಿದೆ ಎಂಬ ಭಯದಿಂದ 1865ರಲ್ಲಿ ಅಲ್ಲಿಯ ಸರಕಾರ ಒಂದು ಕಾಯಿದೆ ಮಾಡಿ, ರೋಗ ಕಂಡವರನ್ನು ಹಿಡಿದು ಮೊಲೊಕಾಯಿ ದ್ವೀಪದ ಕಲೌಪಾಪ ಎಂಬ ಕಡೆ ಇಳಿಸಲು ಆರಂಭಿಸಿತು. ಮೂರು ಕಡೆ ಸಮುದ್ರ, ಒಂದು ಕಡೆ ಆಕಾಶಕ್ಕೆ ಎದ್ದು ನಿಂತ ಬೆಟ್ಟದ ಗೋಡೆ. ಬೇರೆ ಸೆರೆಮನೆಯೇ ಬೇಡ. 1866ರಿಂದ 1969ರವರೆಗೆ ಸುಮಾರು 8,000 ಜನರನ್ನು ಅಲ್ಲಿಗೆ ಸಾಗಿಸಿದರೆಂದು ಲೆಕ್ಕ. ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಅಗಲಿಸಿ ಹಡಗು ಹತ್ತಿಸುತ್ತಿದ್ದರು. ಕೆಲವು ಹೆಂಡಂದಿರು, ಕೆಲವು ಗಂಡಂದಿರು ತಮಗೆ ರೋಗವಿಲ್ಲದಿದ್ದರೂ ಜೊತೆಗೆ ಹಡಗು ಹತ್ತಿದರು. ಅಂಥ ಸಂಗಾತಿಗಳನ್ನು ಆ ಭಾಷೆಯಲ್ಲಿ ‘ಕೋಕುಅ’ ಎಂದು ಕರೆಯುತ್ತಿದ್ದರು. ಚರಿತ್ರೆ ಬರೆಯುವವರು ಡೇಮಿಯನ್ನರ ಹೆಸರನ್ನು ದೊಡ್ಡದಾಗಿ ಬರೆಯುತ್ತಾರೆ, ಬರೆಯಲಿ. ಆದರೆ ಅವರಿಗಿಂತ ಮೊದಲೇ ಆ ದಡದಲ್ಲಿ ಇಳಿದ ಈ ಕೋಕುಅಗಳಿಗೆ ನಮ್ಮ ಮೊದಲ ನಮಸ್ಕಾರ.

1873ರ ಮೇ ತಿಂಗಳಲ್ಲಿ ಡೇಮಿಯನ್ ಅಲ್ಲಿಗೆ ಹೋದರು. ಒಬ್ಬರಾದ ಮೇಲೆ ಒಬ್ಬರು ಪಾದ್ರಿಗಳು ಸರದಿಯಂತೆ ಹೋಗಿ ಬರಬೇಕೆಂದು ಮೊದಲು ಗೊತ್ತಾಗಿತ್ತು. ಸರದಿಯ ಮೇಲೆ ಹೋದವರು ತಿರುಗಿ ಬರಲೇ ಇಲ್ಲ. ಮೊದಲ ಕೆಲವು ವಾರ ಮನೆಯಿಲ್ಲದೆ ಒಂದು ಮರದ ಕೆಳಗೆ ಮಲಗಿದರು. ಅದು ನಮ್ಮ ಕೇದಗೆಯ ಜಾತಿಗೆ ಸೇರಿದ ಮರ. ರೋಗಿಗಳ ಹುಣ್ಣು ತೊಳೆದು ಕಟ್ಟಿದರು. ಮನೆ ಕಟ್ಟಿದರು, ನೀರಿನ ಕೊಳವೆ ಹಾಕಿಸಿದರು, ಸತ್ತವರಿಗೆ ಪೆಟ್ಟಿಗೆಯನ್ನು ತಾವೇ ಹಲಗೆ ಕೊಯ್ದು ಮಾಡಿದರು, ಗುಂಡಿಯನ್ನು ತಾವೇ ತೋಡಿದರು. ಅಲ್ಲಿಯ ಜನ ಗೆಡ್ಡೆಯನ್ನು ಬೇಯಿಸಿ ಅರೆದು ಗಂಜಿಯಂತೆ ಮಾಡಿ ಒಂದೇ ಬೋಗುಣಿಗೆ ಎಲ್ಲರೂ ಬೆರಳದ್ದಿ ಉಣ್ಣುತ್ತಾರೆ. ಮುಟ್ಟಬೇಡ, ಅವರೊಡನೆ ಉಣ್ಣಬೇಡ ಎಂಬ ಎಚ್ಚರಿಕೆ ಇದ್ದರೂ ಇವರು ಅದೇ ಬೋಗುಣಿಗೆ ಕೈ ಹಾಕಿದರು. ಬೆರಳಿಲ್ಲದವನು ಒಂದು ಕಡೆ, ಬೆರಳಿದ್ದವನು ಒಂದು ಕಡೆ!

ಅವರು ಹೋದ ಕೆಲವು ತಿಂಗಳಿಗೆ ತಮ್ಮ ಅಣ್ಣನಿಗೆ ಕಾಗದ ಬರೆದು ಒಂದು ಸಂಗತಿ ತಿಳಿಸಿದರು. ಪ್ರವಚನ ಮಾಡುವಾಗ ರೋಗಿಗಳನ್ನು ಕುರಿತು ‘ನನ್ನ ಸಹೋದರರೇ’ ಎನ್ನದೆ ‘ಕುಷ್ಠರೋಗಿಗಳಾದ ನಾವು’ ಎಂದು ಸೇರಿಸಿಕೊಂಡೇ ಮಾತನಾಡುತ್ತಿದ್ದೇನೆ ಎಂಬುದು ಅದರ ಸಾರ. ಆಗ ಅವರಿಗೆ ರೋಗವಿರಲಿಲ್ಲ.

ಈ ‘ನಾವು’ ಎಂಬ ಶಬ್ದದ ವಿಚಾರವಾಗಿ ಸ್ವಲ್ಪ ನಿಲ್ಲೋಣ. ನಾವೂ ಈ ಪೀಠದ ಮೇಲೆ ಕುಳಿತು ‘ನಾವು’ ಎಂದೇ ಮಾತನಾಡುತ್ತೇವೆ. ಒಬ್ಬನೇ ಇದ್ದರೂ ಉತ್ತಮಪುರುಷದಲ್ಲಿ ಬಹುವಚನ ಬಳಸಬಹುದೆಂದು ಪಾಣಿನಿ ಮಹರ್ಷಿಗಳು ಅಷ್ಟಾಧ್ಯಾಯಿಯಲ್ಲಿ ಅಪ್ಪಣೆ ಕೊಟ್ಟಿದ್ದಾರೆ, ವ್ಯಾಕರಣದ ದೋಷವಿಲ್ಲ. ಆದರೆ ಇದು ಪೀಠದ ‘ನಾವು’. ಇದರಲ್ಲಿ ನೀವು ಸೇರುವುದಿಲ್ಲ. ತೆಲುಗು ಬಲ್ಲವರು ಸಭೆಯಲ್ಲಿ ಇದ್ದೀರಿ. ತೆಲುಗಿನಲ್ಲಿ ‘ಮೇಮು’ ಎಂದರೆ ಎದುರಿನವನನ್ನು ಬಿಟ್ಟು ನಾವು; ‘ಮನಮು’ ಎಂದರೆ ಅವನನ್ನೂ ಸೇರಿಸಿಕೊಂಡು ನಾವು. ಡೇಮಿಯನ್ನರು ಪ್ರವಚನ ಮಾಡುತ್ತಿದ್ದ ಹವಾಯಿ ಭಾಷೆಯಲ್ಲಿಯೂ ಇದೇ ಭೇದವಿದೆ. ‘ಮಾಕೌ’ ಬಿಟ್ಟ ನಾವು, ‘ಕಾಕೌ’ ಸೇರಿದ ನಾವು. ನಮ್ಮ ಇಂದಿನ ಕನ್ನಡದಲ್ಲಿ ಒಂದೇ ‘ನಾವು’ ಎರಡಕ್ಕೂ ಸಾಕಾಗಿದೆ. ಅದರಿಂದ ಒಂದು ಅಪಾಯವಾಗಿದೆ. ‘ನಾವೆಲ್ಲ ಒಂದೇ’ ಎಂದು ಭಾಷಣ ಮಾಡಿ, ಮನಸ್ಸಿನಲ್ಲಿ ಬೇಕಾದವರನ್ನು ಬಿಟ್ಟಿದ್ದರೂ ಕೇಳುವವರಿಗೆ ತಿಳಿಯುವುದಿಲ್ಲ!

1884ರ ಡಿಸೆಂಬರಿನಲ್ಲಿ ಒಂದು ದಿನ ಡೇಮಿಯನ್ನರು ದಣಿದು ಬಂದು ಬಿಸಿನೀರಿನಲ್ಲಿ ಕಾಲಿಟ್ಟರು. ಕಾಲು ಬೊಬ್ಬೆ ಎದ್ದಿತು, ಉರಿ ತಿಳಿಯಲಿಲ್ಲ. ತಮಗೂ ರೋಗ ಬಂದಿದೆ ಎಂದು ಅವರಿಗೆ ಖಚಿತವಾದದ್ದು ಹಾಗೆ. ಅಲ್ಲಿಂದ ಮುಂದೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ, 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. 2009ರಲ್ಲಿ ಅವರ ಧರ್ಮಪೀಠ ಅವರನ್ನು ಸಂತರೆಂದು ಸಾರಿತು. ಸತ್ತ ಮೇಲೂ ನಿಂದೆ ತಪ್ಪಲಿಲ್ಲ. ಹೊನೊಲುಲುವಿನ ಇನ್ನೊಂದು ಪಂಗಡದ ಪಾದ್ರಿಯೊಬ್ಬರು ಅವರನ್ನು ಒರಟ, ಕೊಳಕ, ಹಟಮಾರಿ ಎಂದು ಬರೆದರು. ಪ್ರಸಿದ್ಧ ಲೇಖಕ ಸ್ಟೀವನ್‌ಸನ್ 1890ರಲ್ಲಿ ಅದಕ್ಕೆ ಬಹಿರಂಗ ಪತ್ರದ ಮೂಲಕ ಉತ್ತರ ಕೊಟ್ಟರು. ನಮಗೆ ಆ ಉತ್ತರದಲ್ಲಿ ಹಿಡಿಸಿದ ಅಂಶವೆಂದರೆ, ಡೇಮಿಯನ್ನರಲ್ಲಿ ದೋಷಗಳಿದ್ದವೆಂಬುದನ್ನು ಸ್ಟೀವನ್‌ಸನ್ ಮುಚ್ಚಿಡಲಿಲ್ಲ. ಹಟಮಾರಿಯಾಗಿದ್ದರೆ ಆಗಿರಲಿ. ಸೌಮ್ಯವಾಗಿ ಮಾತನಾಡುತ್ತ ದೂರ ನಿಂತವರ ಪೈಕಿ ಯಾರ ಹೆಸರೂ ಆ ದ್ವೀಪದವರ ನೆನಪಿನಲ್ಲಿ ಉಳಿಯಲಿಲ್ಲ.

ಹಾಗಾದರೆ ಕರುಣೆಯುಳ್ಳವನು ರೋಗ ಹತ್ತಿಸಿಕೊಂಡು ಸಾಯಲೇಬೇಕೇ? ಬೇಡ. 1888ರಲ್ಲಿ ಅದೇ ಊರಿಗೆ ಮೇರಿಯನ್ ಕೋಪ್ ಎಂಬ ಸನ್ಯಾಸಿನಿ ಬಂದರು. ಅವರು ಕೈ ತೊಳೆಯುವ ನಿಯಮವನ್ನು ಬಹಳ ಕಟ್ಟುನಿಟ್ಟಾಗಿ ಇಟ್ಟರು. ಆರೈಕೆಯಲ್ಲಿ ಕೊರತೆ ಮಾಡಲಿಲ್ಲ. ಅವರಿಗಾಗಲಿ ಅವರ ಜೊತೆಯ ಸನ್ಯಾಸಿನಿಯರಿಗಾಗಲಿ ರೋಗ ಬರಲಿಲ್ಲ. 1918ರಲ್ಲಿ, 80 ವರ್ಷ ಬದುಕಿ, ಅಲ್ಲಿಯೇ ತೀರಿಕೊಂಡರು. ಮುಟ್ಟುವುದು ಬೇರೆ, ಮುಟ್ಟಾಳತನ ಬೇರೆ. ನಮ್ಮ ನಾಡಿನಲ್ಲಿಯೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಎಂಬವರು 1880ರಲ್ಲಿ ಬಡವರಿಗೆ ಔಷಧಿ ಕೊಡಲಾರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಇದು ಕ್ರೈಸ್ತರ ಗುತ್ತಿಗೆಯೂ ಅಲ್ಲ. ಪರಚುರೆ ಶಾಸ್ತ್ರಿ ಎಂಬ ಸಂಸ್ಕೃತ ವಿದ್ವಾಂಸರಿಗೆ ಈ ರೋಗ ಬಂದಿತ್ತು. ಅವರು ಸೇವಾಗ್ರಾಮಕ್ಕೆ ಬಂದಾಗ ಗಾಂಧೀಜಿ ಅವರನ್ನು ಇರಿಸಿಕೊಂಡು, ತಾವೇ ಹುಣ್ಣು ತೊಳೆದು ಮೈ ತಿಕ್ಕುತ್ತಿದ್ದರು. ‘ಪರಚುರೆ ಕುಟಿ’ ಇವತ್ತಿಗೂ ಅಲ್ಲಿದೆ. ನಾವೂ ಸಂಸ್ಕೃತ ಪಾಠಶಾಲೆಯಿಂದ ಬಂದವರಾದ್ದರಿಂದ ಆ ಶಾಸ್ತ್ರಿಗಳ ವಿಚಾರ ಓದಿದಾಗ ಮನಸ್ಸು ಕಲಕಿತು. ಶಾಸ್ತ್ರ ಕಲಿತವನು ಬಾಗಿಲ ಹೊರಗೆ ನಿಂತರೆ ಒಳಗೆ ಕರೆಯಬೇಕಾದದ್ದು ಯಾವ ಶಾಸ್ತ್ರ?

ಇಷ್ಟು ವಿಸ್ತಾರವಾಗಿ ಕುಷ್ಠದ ಮಾತನ್ನೇ ಏಕೆ ಎತ್ತಿಕೊಂಡೆವೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಗೊತ್ತಿಲ್ಲದವರೂ ಕೇಳಲಿ.

ನಮ್ಮ ಪ್ರಸಾದ ನಿಲಯದ ಒಬ್ಬ ಹುಡುಗನ ತೋಳಿನ ಮೇಲೆ ಸ್ಪರ್ಶವಿಲ್ಲದ ಒಂದು ಮಚ್ಚೆಯನ್ನು ಆರೋಗ್ಯ ಇಲಾಖೆಯವರು ಗುರುತಿಸಿದರು. ಅವನ ಹೆಸರು ಬೇಡ, ಊರೂ ಬೇಡ. ಔಷಧಿ ಅಂದೇ ಆರಂಭವಾಯಿತು. ಮೂರು ದಿನದೊಳಗೆ ಐದಾರು ತಂದೆತಾಯಿಗಳು ಮಠಕ್ಕೆ ಬಂದರು. ಇಬ್ಬರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ಪ್ರತಿವರ್ಷ ದಾಸೋಹಕ್ಕೆ ಅಕ್ಕಿ ಕೊಡುವ ಭಕ್ತರೊಬ್ಬರು ಬಂದು ಕೈಮುಗಿದು, “ಬುದ್ಧೀ, ಹುಡುಗನಿಗೆ ತೊಂದರೆಯಾಗಬಾರದು. ಹಿತ್ತಲಿನಲ್ಲಿ ಅವನಿಗೊಂದು ಬೇರೆ ಕೋಣೆ, ಬಚ್ಚಲು ಎಲ್ಲಾ ನನ್ನ ಖರ್ಚಿನಲ್ಲಿ ಕಟ್ಟಿಸಿಕೊಡುತ್ತೇನೆ” ಎಂದರು. ಅವರು ಕೆಟ್ಟವರಲ್ಲ. ಅವರ ಕಣ್ಣಿನಲ್ಲಿ ನೀರಿತ್ತು, ಅದನ್ನೂ ನೋಡಿದ್ದೇವೆ. ಆದರೆ ಯೋಚಿಸಿ: ಆ ಕೋಣೆಗೆ ಒಂದು ಲಕ್ಷ ಖರ್ಚಾದರೂ ಅದು ಎರಡು ರೂಪಾಯಿ ಧರ್ಮವೇ. ಕಲೌಪಾಪ ಒಂದು ದ್ವೀಪವಾದರೆ ಇದು ಒಂದು ಕೋಣೆ. ಬೆಟ್ಟದ ಗೋಡೆಯ ಬದಲು ಇಟ್ಟಿಗೆಯ ಗೋಡೆ. ನಾವು ಅವರಿಗೆ, “ಕೋಣೆ ಬೇಡಪ್ಪಾ. ನಿಮ್ಮ ತಂಗಿಯ ಮೊಮ್ಮಗ ನಿಲಯದಲ್ಲಿದ್ದಾನಲ್ಲ, ಅವನನ್ನು ಕರೆದುಕೊಂಡು ಹೋಗಬೇಡಿ. ನೀವು ಮಾಡಬೇಕಾದ ದಾನ ಅದೇ” ಎಂದೆವು. ಅವರು ಇನ್ನೂ ಉತ್ತರ ಹೇಳಿಲ್ಲ. ಅವಸರವಿಲ್ಲ, ಕಾಯುತ್ತೇವೆ.

ಆ ಹುಡುಗನ ಪಕ್ಕದಲ್ಲಿ ನಾವು ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ್ದನ್ನು ಪತ್ರಿಕೆಯವರು ಬರೆಯಬೇಕೆಂದಿದ್ದರು, ಬೇಡವೆಂದೆವು. ನಮ್ಮನ್ನು ಪಂಕ್ತಿಯಿಂದ ಯಾರೂ ಎಬ್ಬಿಸಲಾರರು, ನಮಗೆ ಹೆಣ್ಣು ಕೊಡುವವರೂ ಇಲ್ಲ, ತಪ್ಪಿಸುವವರೂ ಇಲ್ಲ! ಖರ್ಚಿಲ್ಲದ ಕೆಲಸ ಅದು. ಅವನ ಜೊತೆ ಓದುವ ಒಬ್ಬ ಹುಡುಗ ಎರಡನೆಯ ದಿನ ಯಾರ ಮಾತನ್ನೂ ಕೇಳದೆ ತನ್ನ ತಟ್ಟೆ, ಲೋಟ ಎತ್ತಿಕೊಂಡು ಬಂದು ಅವನ ಮಗ್ಗುಲಿಗೆ ಕುಳಿತ. ಅವನನ್ನು ಶಾಲೆಯಲ್ಲಿ ಯಾರೂ ಆಟಕ್ಕೆ ಸೇರಿಸುತ್ತಿಲ್ಲವಂತೆ. ಒಳಗಿದ್ದವನು ಹೊರಗೆ ನಿಲ್ಲುವುದು ಎಂದು ಆಗಲೇ ಹೇಳಿದೆವಲ್ಲ, ಅದು ಇದು.

ಒಬ್ಬ ತಾಯಿ ಬಂದು, “ಬುದ್ಧೀ, ನೀವು ಹೇಳುವುದು ಸರಿ, ಆದರೆ ನನ್ನ ಮಗನಿಗೆ ಬಂದರೆ?” ಎಂದು ಕೇಳಿದಳು. ತಾಯಿಯ ಭಯಕ್ಕೆ ಬೈದು ಉತ್ತರ ಕೊಡಬಾರದು, ತಿಳಿಸಿ ಕೊಡಬೇಕು. ಡೇಮಿಯನ್ನರು ದ್ವೀಪಕ್ಕೆ ಹೋದ ಅದೇ 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಎಂಬ ವೈದ್ಯರು ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಪಾಪದಿಂದ ಬಂದದ್ದು, ಶಾಪದಿಂದ ಬಂದದ್ದು ಎಂಬ ಮಾತು ಅಂದಿಗೇ ಮುಗಿಯಬೇಕಿತ್ತು. ನೂರರಲ್ಲಿ ಸುಮಾರು 95 ಜನರ ಶರೀರಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಡೇಮಿಯನ್ನರ ಕಾಲಕ್ಕೆ ಔಷಧಿ ಇರಲಿಲ್ಲ. 1981ರಿಂದ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಸೂಚಿಸಿದೆ. ರೋಗದ ಪ್ರಮಾಣ ನೋಡಿ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ನುಂಗಿದರೆ ವಾಸಿ. ಸರಕಾರಿ ಆಸ್ಪತ್ರೆಯಲ್ಲಿ ಕಾಸಿಲ್ಲದೆ ಸಿಗುತ್ತದೆ. ಔಷಧಿ ಆರಂಭವಾದ ಮೇಲೆ ಬಹಳ ಬೇಗ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಹೆದರಬೇಕಾದದ್ದು ಔಷಧಿ ನುಂಗುತ್ತಿರುವ ಹುಡುಗನಿಗಲ್ಲ. ಹೆದರಿಕೆಯಿಂದ ಮಚ್ಚೆಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಓಡಾಡುವವನು ಇದ್ದಾನಲ್ಲ, ಅವನ ಬಗ್ಗೆ ಯೋಚಿಸಬೇಕು. ಮುಚ್ಚಿಕೊಳ್ಳುವಂತೆ ಮಾಡಿದವರು ಯಾರು? ಮಕ್ಕಳನ್ನು ಕರೆದುಕೊಂಡು ಹೋದವರು. ಇನ್ನೊಂದು ಮಾತು, ತೊನ್ನು ಬೇರೆ, ಇದು ಬೇರೆ. ತೊನ್ನಿನಿಂದ ಯಾರಿಗೂ ಏನೂ ಹತ್ತುವುದಿಲ್ಲ. ಎರಡನ್ನೂ ಒಂದೇ ಮಾಡಿ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿದೆಯೋ ನಮಗೆ ಗೊತ್ತಿದೆ.

ಕಾಯಿದೆಗಳೂ ನಿಧಾನವಾಗಿ ಬದಲಾಗಿವೆ. ರೋಗಿಗಳನ್ನು ಹಿಡಿದಿಡಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾಯಿದೆ 2016ರಲ್ಲಿ ರದ್ದಾಯಿತು. ಕುಷ್ಠವಿದೆಯೆಂದು ವಿಚ್ಛೇದನ ಕೇಳುವ ಅವಕಾಶವನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಪಂಕ್ತಿಯನ್ನು ಮಾತ್ರ ಯಾವ ಸಂಸತ್ತೂ ಬದಲಾಯಿಸಲಾರದು.

ಈಗ ಜಾತ್ರೆಯ ಮಾತು. ಜಾತ್ರೆಯ ದಿನ ಮಹಾದ್ವಾರದ ಹೊರಗೆ ಕೆಲವು ವೃದ್ಧರು ಬಂದು ಕೂರುತ್ತಾರೆ. ಅವರ ರೋಗ ಎಂದೋ ವಾಸಿಯಾಗಿದೆ. ಬೆರಳುಗಳು ಮಾತ್ರ ಮೊದಲೇ ಹೋಗಿವೆ. ಈ ಸಲ ಅವರಿಗೆ ದ್ವಾರದ ಹೊರಗೆ ಅನ್ನ ಹೋಗುವುದಿಲ್ಲ. ಅವರು ಒಳಗೆ ಬಂದು ಎಲ್ಲರ ಪಂಕ್ತಿಯಲ್ಲಿ ಕೂರುತ್ತಾರೆ. ಅವರಿಗೆಂದು ಬೇರೆ ಪಂಕ್ತಿ ಇರುವುದಿಲ್ಲ. ಬೆರಳಿಲ್ಲದವರಿಗೆ ಎಲೆಯ ಮೇಲಿನ ಸಾರನ್ನ ಎತ್ತಿಕೊಳ್ಳಲು ಬರುವುದಿಲ್ಲವಾದ್ದರಿಂದ ಅಂಚು ಎತ್ತರವಿರುವ ತಟ್ಟೆಗಳನ್ನೂ ದಪ್ಪ ಹಿಡಿಯ ಚಮಚಗಳನ್ನೂ ತರಿಸಿದ್ದೇವೆ. ಬಡಿಸಲು ಬರುವವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿರಿ. ಬಡಿಸುವವರಿಗೆ ಒಂದು ಸೂಚನೆ: ಅವರ ಕೈಗೆ ಬಿಸಿ ತಿಳಿಯುವುದಿಲ್ಲ. ಸಾರು ಒಲೆಯಿಂದ ಇಳಿಸಿದ ಕೂಡಲೇ ತಂದು ಬಡಿಸಬೇಡಿ. ಮೊದಲು ನಿಮ್ಮ ಕೈಮೇಲೆ ಒಂದು ಹನಿ ಹಾಕಿಕೊಂಡು ನೋಡಿ, ಆಮೇಲೆ ಅವರ ತಟ್ಟೆಗೆ ಹಾಕಿ.